ಸುನಂದಮ್ಮನ ಕೋಳಿ ಪ್ರಕರಣ

“ಎದ್ ನಿಂತ್ಕೊಳ್ಲಾ ಮಾದೇವ. ಆರೋಪಿ ಕುಂತ್ಕಂಡು ಉತ್ತರ ಕೊಡಂಗಿಲ್ಲ.”

ಕಿರಣ್‌ಕುಮಾರ್ ಬೆರಳು ಚಾಚಿದ. ಹಾರನಹಳ್ಳಿಯ ಜಮೀನುದಾರರ ಮಗ. ಕಾನೂನು ಕಾಲೇಜಿಗೆ ಸೇರಿದ ದಿನದಿಂದ ಬಿಳಿ ಅಂಗಿ, ಕಪ್ಪು ಪ್ಯಾಂಟು ಬಿಟ್ಟು ಬೇರೆ ತೊಟ್ಟವನಲ್ಲ. ವಿದ್ಯೆ ದಾರಿಯಲ್ಲಿತ್ತು, ವೇಷ ಮೊದಲೇ ಬಂದಿತ್ತು.

ಮರುದಿನ ಬೆಳಿಗ್ಗೆ ಹುಣಸೂರಿನಲ್ಲಿ ಅಪರಾಧ ಕಾನೂನಿನ ಪರೀಕ್ಷೆ. ಓದಲೆಂದು ನಾಲ್ವರೂ ಸುನಂದಮ್ಮನ ಮನೆಯ ಜಗುಲಿಯಲ್ಲಿ ಸೇರಿದ್ದರು. ಕಿರಣ್‌ಕುಮಾರ್, ನಟರಾಜು, ಮಾದೇವ ಆ ಮನೆಯ ಪಕ್ಕದ ಕೋಣೆಯ ಬಾಡಿಗೆದಾರರು. ಗೌತಮಿ ಹಿಂದಿನ ಬೀದಿಯ ಸಹಪಾಠಿ. ಪುಸ್ತಕ ತೆರೆದಷ್ಟೇ ಬೇಗ ಮುಚ್ಚಿತು. ಅಂಗಳದಲ್ಲಿ ಸದಾ ಕೆದಕುತ್ತಿದ್ದ ಸುನಂದಮ್ಮನ ಕೆಂಚು ಕೋಳಿ ಕಾಣುತ್ತಿರಲಿಲ್ಲ. ಒಗೆಯುವ ಕಲ್ಲಿನ ಸುತ್ತ ನೀರು ಚೆಲ್ಲಿತ್ತು, ಒಂದೆರಡು ಗರಿ ಬಿದ್ದಿದ್ದವು. ತಂತಿಯ ಮೇಲಿನ ಮಾದೇವನ ಟವಲು ಒದ್ದೆಯಾಗಿತ್ತು. ಅದಕ್ಕೂ ಒಂದು ಗರಿ ಅಂಟಿತ್ತು.

ವಿಚಾರಣೆ ನಡೆಸಿದರೆ ಓದಿದಂತೆಯೇ ಆಯಿತು ಎಂದು ತೀರ್ಮಾನವಾಯಿತು. ಓದು ತಪ್ಪಿಸಿಕೊಳ್ಳುವವರು ಯಾವಾಗಲೂ ಘನವಾದ ಕಾರಣವನ್ನೇ ಹುಡುಕುತ್ತಾರೆ.

ನಟರಾಜು ನ್ಯಾಯಾಧೀಶನಾದ. ಜಗುಲಿಯ ಮೂಲೆಯಲ್ಲಿ ಬೋರಲು ಹಾಕಿದ್ದ ಬಿದಿರಿನ ಮಂಕರಿಯೇ ಪೀಠ. ಅದರ ಮೇಲಿದ್ದ ಗುಂಡುಕಲ್ಲನ್ನು ಇಳಿಸಿ, ಗೋಣಿಚೀಲ ಹೊದಿಸಿ ಅವನನ್ನು ಕೂರಿಸಿದರು. ಬುಟ್ಟಿ ಮುರಿಯದಷ್ಟು ಹಗುರ ಎಂಬುದೊಂದೇ ಅವನ ಅರ್ಹತೆ. ಅದೂ ಇಲ್ಲದೆ ಪೀಠ ಏರಿದವರಿದ್ದಾರೆ ಬಿಡಿ.

“ಮೊದ್ಲು ಸುನಂದಮ್ಮನ್ನ ಒಂದ್ಮಾತು ಕೇಳಬಾರ್ದಾ?” ಎಂದಳು ಗೌತಮಿ. ಆರೋಪಿಯ ವಕೀಲಿಕೆ ಅವಳ ಪಾಲಿಗೆ ಬಂದಿತ್ತು. “ಹೊಗೆಸೊಪ್ಪಿನ ಹೊಲದಿಂದ ಸಂಜೆ ಬತ್ತಾರೆ.”

“ಅವ್ರ ದೂರು ಯಾಕೆ? ಕೋರ್ಟು ತಾನಾಗೇ ಕೇಸು ತಗಂಡದೆ,” ಎಂದ ಕಿರಣ್‌ಕುಮಾರ್.

ಕಳ್ಳತನಕ್ಕೆ ಹಳೆಯ ಸೆಕ್ಷನ್ನೋ ಹೊಸದೋ ಎಂದು ಸ್ವಲ್ಪ ಹೊತ್ತು ಕಿತ್ತಾಡಿದರು. ಎರಡೂ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ.

“ಬೆಳಗ್ಗೆ ನಾವು ಜೆರಾಕ್ಸ್ ಅಂಗಡಿಗೆ ಹೋದಾಗ ಮನೇಲಿದ್ದೋನು ನೀನೊಬ್ನೇ. ಹೌದಾ?” ಕಿರಣ್‌ಕುಮಾರ್ ಮಾದೇವನತ್ತ ತಿರುಗಿದ.

“ಒಳಗೆ ಬಾಗಿಲು ಹಾಕ್ಕಂಡು ಓದ್ತಿದ್ದೆ ಕಣ್ಲಾ.”

“ಮಧ್ಯಾಹ್ನ ಊಟ ಬ್ಯಾಡ ಅಂದ್ಯಲ್ಲ?”

“ಭಯಕ್ಕೆ ಹಸಿವಾಗಿರ್ಲಿಲ್ಲ.”

“ಹೊಟ್ಟೆ ತುಂಬಿತ್ತು ಅನ್ನು! ಅಂತರಸಂತೆಯವ್ನು, ಕಾಡಂಚಿನವ್ನು. ಕೋಳಿ ಕಂಡ್ರೆ ಬುಟ್ಟಾನಾ?”

ಮಾದೇವ ಟವಲಿನತ್ತ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಕಿರಣ್‌ಕುಮಾರ್ ಚಪ್ಪಾಳೆ ತಟ್ಟಿದ. ಆರೋಪ ಸಾಬೀತಾಗುವ ತನಕ ಪ್ರತಿಯೊಬ್ಬನೂ ನಿರಪರಾಧಿ ಎಂದು ಅವನೇ ಮುಂಜಾನೆ ಗಟ್ಟಿಯಾಗಿ ಉರು ಹೊಡೆದಿದ್ದ. ಆ ವಾಕ್ಯ ಉತ್ತರ ಪತ್ರಿಕೆಗೆ ಮಾತ್ರ ಎಂದು ತಿಳಿದಿದ್ದನೇನೋ.

ಗೌತಮಿಯ ವಾದ ಇನ್ನೂ ಚೆಂದ. “ಸ್ವಾಮಿ, ಆ ಕೋಳಿ ಮೊಟ್ಟೆ ಇಡೋದ್ನೇ ನಿಲ್ಸಿತ್ತು. ಸುನಂದಮ್ಮನೇ ದಿನಾ ಬೈತಿದ್ರು. ಅದ್ರಿಂದ ಶಿಕ್ಷೆ ಕಮ್ಮಿ ಮಾಡ್ಬೇಕು.” ಕಕ್ಷಿದಾರ ತಪ್ಪಿತಸ್ಥನೆಂದು ಅವಳು ಹೀಗೆ ಮೊದಲ ಮಾತಿಗೇ ಒಪ್ಪಿಬಿಟ್ಟಳು.

ಅವಳ ಮಾತು ಮುಗಿಯುತ್ತಿದ್ದಂತೆ ‘ಗೊರ್’ ಎಂಬ ಸದ್ದು ಪೀಠದ ಕಡೆಯಿಂದ ಬಂತು. ಎಲ್ಲರೂ ನಟರಾಜುವಿನ ಹೊಟ್ಟೆಯನ್ನು ನೋಡಿದರು.

“ಮಧ್ಯಾಹ್ನದ ಮುದ್ದೆ ಸರಿಯಾಗಿ ಬೆಂದಿರ್ಲಿಲ್ಲ,” ಎಂದು ನ್ಯಾಯಾಧೀಶರು ನಾಚಿಕೊಂಡರು. ನಾಚಿಕೆ ಮುಚ್ಚಲು ಗುಂಡುಕಲ್ಲನ್ನು ನೆಲಕ್ಕೆ ಕುಟ್ಟಿದರು.

ಕಿರಣ್‌ಕುಮಾರ್ ಕೊನೆಯ ಪಟ್ಟು ಹಾಕಿದ. “ನೋಡ್ಲಾ, ಒಪ್ಕಂಡ್ರೆ ರೂಮಲ್ಲಿರು, ಓದ್ಕೊ. ಸುನಂದಮ್ಮನ ಕಾಲಿಗೆ ಬಿದ್ರೆ ಮುಗೀತು. ಒಪ್ಕಳ್ಳಿಲ್ಲ ಅಂದ್ರೆ ಕಳ್ಳನ ಜೊತೆ ನಾವ್ ಮಲಗಲ್ಲ. ಈಗ್ಲೇ ಊರಿನ ಬಸ್ ಹತ್ತು.”

ಮಾದೇವನ ಮುಖ ಬಿಳಿಚಿತು. ಅಪರಾಧ ಕಾನೂನಿನಲ್ಲಿ ಎರಡು ಸಲ ನಪಾಸಾಗಿದ್ದ. ಇದು ಕೊನೆಯ ಅವಕಾಶ. ಅಂತರಸಂತೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದರೂ ಪರೀಕ್ಷೆಯ ಹೊತ್ತಿಗೆ ಹುಣಸೂರು ಸೇರುವಂತಿರಲಿಲ್ಲ. ಅಲ್ಲಿ ಕೂಲಿಗೆ ಹೋಗುವ ಅವನ ಅಪ್ಪ ಊರಿಗೆಲ್ಲ ಮಗ ಲಾಯರಾಗುತ್ತಾನೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

“ಹೂಂ,” ಎಂದ ಮಾದೇವ.

“ಏನ್ ಹೂಂ? ಬುಡಿಸಿ ಹೇಳು.”

“ನಾನೇ ಹಿಡಿದೆ. ಸುಟ್ಕಂಡು ತಿಂದೆ.”

“ಎಲ್ಲಿ? ಕಾಲುವೆ ಏರಿ ಮೇಲಾ?”

“ಹೂಂ. ಏರಿ ಮೇಲೆ.”

“ಮೂಳೆ ನಾಯಿಗೆ ಹಾಕ್ದಾ?”

“ಹೂಂ. ನಾಯಿಗೆ.”

“ಒಬ್ನೇ ತಿಂದ್ಯಾ? ನಮಗೊಂದು ತೊಡೆನಾದ್ರೂ ಇಡಬಾರ್ದಾಗಿತ್ತಾ?” ನ್ಯಾಯಾಧೀಶರಿಗೆ ನಿಜವಾಗಿಯೂ ನೋವಾಗಿತ್ತು.

ಕಿರಣ್‌ಕುಮಾರ್ ಕಾಲರ್ ಸರಿಪಡಿಸಿಕೊಂಡ. ಒತ್ತಡವಿಲ್ಲದೆ, ಸ್ವಇಚ್ಛೆಯಿಂದ ಕೊಟ್ಟ ತಪ್ಪೊಪ್ಪಿಗೆ ಎಂದರೆ ಹೀಗಿರಬೇಕು ಎಂದ. ನಾಳೆ ಆ ಪ್ರಶ್ನೆ ಬಂದರೆ ಇದನ್ನೇ ಉದಾಹರಣೆ ಬರೆಯುವುದೆಂದು ಮೂವರೂ ನಿಶ್ಚಯಿಸಿದರು. ಮಾದೇವ ಗೋಡೆಗೆ ಒರಗಿ ಪುಸ್ತಕ ತೆಗೆದುಕೊಂಡ. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ.

ಬಿಸಿಲು ಇಳಿದಾಗ ಸುನಂದಮ್ಮ ಹೊಲದಿಂದ ಬಂದಳು. ನ್ಯಾಯಾಧೀಶರು ಪೀಠದಿಂದ ಏಳುವ ಮೊದಲೇ ಕಿರಣ್‌ಕುಮಾರ್ ಅಪರಾಧಿಯ ರಟ್ಟೆ ಹಿಡಿದು ಅವಳ ಮುಂದೆ ನಿಲ್ಲಿಸಿದ. ಗರಿ, ನೀರು, ಟವಲು, ಕಾಲುವೆ ಏರಿ, ನಾಯಿ, ಎಲ್ಲವನ್ನೂ ಕೋರ್ಟಿನ ಧಾಟಿಯಲ್ಲಿ ಒಪ್ಪಿಸಿದ.

ಸುನಂದಮ್ಮ ಮಾದೇವನನ್ನೇ ನೋಡಿದಳು. “ನನ್ ಕೋಳೀನ ನೀನ್ ತಿಂದ್ಯಾ ಮಗ?”

“ಹೂಂ ಕಣವ್ವ. ತಪ್ಪಾಯ್ತು,” ಎಂದು ಅವನು ಬಗ್ಗಿ ಕಾಲು ಮುಟ್ಟಿದ.

ಅವಳು ಅವನನ್ನು ಎತ್ತಿ ನಿಲ್ಲಿಸಿ, ನಟರಾಜುವಿನ ಕಡೆ ತಿರುಗಿದಳು. “ಮೇಲಕ್ಕೇಳಪ್ಪ ಸ್ವಾಮಿ. ಕಾವಿಗೆ ಕೂತ ಕೋಳಿ ಎದ್ದು ಮತ್ತೆ ಮೊಟ್ಟೆ ಇಡ್ಲಿ ಅಂತ ಬೆಳಗ್ಗೆ ನೀರಿಗದ್ದಿ, ಈ ಮಗೀನ ಟವಲಲ್ಲಿ ಒರೆಸಿ, ಆ ಮಂಕರಿ ಅಡಿ ಕವುಚಿ ಹೋಗಿದ್ದೆ. ಪಾಪ, ಅದ್ಕೆ ಒಂದು ಕಾಳೂ ಹಾಕಿಲ್ಲ.”