ಪಿಸುಮಾತಿನ ಕಾದಂಬರಿ

"ಇವರು ಜಗಳ ಆಡ್ತಿದ್ದಾರೋ, ಕಿವಿಯಲ್ಲಿ ಗುಟ್ಟು ಹೇಳ್ತಿದ್ದಾರೋ? ಗಂಡ ಹೆಂಡತೀನ ಬಾಯಿಬಿಟ್ಟು ಕೂಗಾಡಿಸಿ ಸ್ವಾಮಿ, ಇಲ್ಲಾಂದ್ರೆ ನಾನು ಅಚ್ಚು ಹಾಕಲ್ಲ" ಎಂದು ಪ್ರಕಾಶಕ ಕೊನೆಯ ಅಧ್ಯಾಯವನ್ನು ವಾಪಸು ಮಾಡಿದ್ದ.

ಕಾದಂಬರಿಕಾರ ಆರು ಸಲ ಬರೆದು ಹರಿದ. ಜಗಳ ಹುಟ್ಟಲಿಲ್ಲ. ಕೊನೆಗೆ ಹಾಳೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಕ್ಕನ ಮನೆಗೆ ಬಂದ. ಅಕ್ಕ ಟೈಲರ್. ಹೊಲಿಗೆಗಿಂತ ಬೈಗುಳದಲ್ಲಿ ಅವಳದು ಎತ್ತಿದ ಕೈ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಆಯುಸ್ಸು ಸವೆಸಿ, ಕಿವಿಯನ್ನು ಮುಕ್ಕಾಲು ಪಾಲು ಅಲ್ಲೇ ಬಿಟ್ಟು ಬಂದವನು.

"ಅಪ್ಪ ಮಲಗಿದಾನಾ?" ತಮ್ಮ ಪಿಸುಗುಟ್ಟಿದ.

ಬೀದಿಗೆಲ್ಲ ಕೇಳುವಂತೆ ಮಾತಾಡುವ ಅಕ್ಕನೂ ಪಿಸುಗುಟ್ಟಿದಳು: "ಹೂಂ. ಕೊಡು ಇಲ್ಲಿ." ಹೊಲಿಗೆ ಯಂತ್ರ ನಿಲ್ಲಿಸಿ ಓದಿದಳು. "'ಅವಳು ಮೆಲ್ಲಗೆ ಕೇಳಿದಳು, ಅವನು ಮೆಲ್ಲಗೆ ನುಡಿದ.' ಥೂ! ಗಂಡ ಇನ್ನೊಬ್ಬಳ ಮನೆಯಿಂದ ಬಂದಿದ್ದಾನೆ, ಇವಳು ಮೆಲ್ಲಗೆ ಕೇಳ್ತಾಳಂತೆ!"

"ವಿಮರ್ಶಕರು ಇದನ್ನ ಸಂಯಮ ಅಂತಾರೆ ಕಣೇ."

"ಸಂಯಮ ಅಲ್ಲ, ಅಮ್ಮನ ಸೌಟಿನ ಭಯ!"

ತಮ್ಮನಿಗೆ ಥಟ್ಟನೆ ಹೊಳೆಯಿತು. ಹೌದಲ್ಲ! ಅಪ್ಪನಿಗೆ ರಾತ್ರಿ ಪಾಳಿ, ಹಗಲು ನಿದ್ದೆ; ಸದ್ದು ಮಾಡಿದರೆ ಅಮ್ಮನ ಸೌಟು ಬೆನ್ನಿಗೆ. ಗಿರಣಿಯ ಸಾಲುಮನೆಗಳಲ್ಲಿ ಯಾವ ಹೊತ್ತಿಗೂ ಯಾರದಾದರೂ ಅಪ್ಪ ಮಲಗಿರುತ್ತಿದ್ದ. ಅಲ್ಲಿನ ಮಕ್ಕಳು ಜಗಳವನ್ನು ಚಿವುಟಿ ಮುಗಿಸುತ್ತಿದ್ದರು, ಸದ್ದಿಲ್ಲದೆ ಅಳುತ್ತಿದ್ದರು. ಅವನ ಪುಸ್ತಕಗಳ ಜನರೆಲ್ಲ ಆ ಸಾಲುಮನೆಯವರೇ.

"ಏನದು ಗುಸುಗುಸು?" ಅಪ್ಪ ಕಣ್ಣು ಬಿಟ್ಟು ಇಬ್ಬರ ತುಟಿ ನೋಡುತ್ತ ಕೇಳಿದ.

ಅಕ್ಕ ಅವನ ಕಿವಿಗೆ ಬಾಯಿಟ್ಟು ಕೂಗಿದಳು: "ಇವನ ಪುಸ್ತಕದಲ್ಲಿ ಯಾರೂ ಕೂಗಾಡಲ್ಲ ಅಪ್ಪಾ! ನಿನ್ನ ನಿದ್ದೆ ಕಾಯ್ತಾ ಬೆಳೆದವನಲ್ವಾ!"

"ನಿದ್ದೆಯಾ? ಎಲ್ಲಿ ಬರ್ತಿತ್ತು ನಿದ್ದೆ? ರಾತ್ರಿಯೆಲ್ಲ ಮಗ್ಗದ ಗಲಾಟೆ ಕೇಳಿದ ಕಿವಿ. ಮನೆ ಸ್ಮಶಾನದ ಥರ ಇದ್ರೆ ನಿದ್ದೆ ಹತ್ತುತ್ತಾ? ಸುಮ್ನೆ ಕಣ್ಣು ಮುಚ್ಚಿ ಬಿದ್ದಿರ್ತಿದ್ದೆ."

"ಹೇಳಬಾರದಿತ್ತಾ!" ತಮ್ಮನೂ ಕೂಗಿದ.

"ಸದ್ದಾಗಬಾರದು ಅಂತ ನಿಮ್ಮಮ್ಮ ಪಾತ್ರೆ ಕೆಳಗೆ ಬಟ್ಟೆ ಹಾಸ್ತಿದ್ಲು ಕಣೋ. ಹೇಗೆ ಹೇಳ್ಲಿ?"

ಅಕ್ಕ ಹಾಳೆಗಳನ್ನು ತಮ್ಮನ ಮಡಿಲಿಗೆ ಎಸೆದಳು. ಅವಳ ಸಿಟ್ಟು ನೆತ್ತಿಗೇರಿತು.

"ಹಾಗಾದ್ರೆ ನಾನು ಬಾಯಿ ಮುಚ್ಕೊಂಡು ಅನುಭವಿಸಿದ್ದೆಲ್ಲ ದಂಡ! ಕೂಗೋ ಹಾಗಿಲ್ಲ ಅಂತ ಗೊತ್ತಿದ್ದೇ ನನ್ನ ತೊಡೆ ಚಿವುಟಿ ಓಡ್ತಿದ್ದೆ ನೀನು, ಕಳ್ಳ!"

"ನೀನೇನು ಸಾಚಾನಾ? ನನ್ನ ಕೂದಲು ಕಿತ್ತು ಕೈಗೆ ಕೊಡ್ತಿದ್ದೆ, ರಾಕ್ಷಸಿ!"

"ಇನ್ನೂ ಕೀಳ್ಬೇಕಿತ್ತು! ಪುಸ್ತಕ ಬರೀತಾನಂತೆ, ಪುಸ್ತಕ!"

"ನನ್ನ ಪುಸ್ತಕದ ಸುದ್ದಿಗೆ ಬಂದ್ರೆ ನೋಡು!" ಅವನ ಗಂಟಲು ಎಂದೂ ಏರದ ಎತ್ತರಕ್ಕೆ ಏರಿತು. ಎದುರು ಮನೆಯ ಕಿಟಕಿ ತೆರೆಯಿತು. ಅವನು ಮಾತ್ರ ಬೈಯುತ್ತಲೇ ಹಾಳೆ ತಿರುವಿ, ಹಿಂಬದಿಯಲ್ಲಿ ಗೀಚತೊಡಗಿದ. ಮುಖ ಅರಳಿದ ಹೂವಾಗಿತ್ತು.

ಅಷ್ಟರಲ್ಲಿ ಗೊರಕೆ ಕೇಳಿಸಿತು. ಅಪ್ಪನ ಗದ್ದ ಎದೆಗೆ ಇಳಿದಿತ್ತು, ಬಾಯಿ ತೆರೆದಿತ್ತು. ತಮ್ಮನ ಬೆರಳು ತಾನಾಗಿ ತುಟಿಯ ಮೇಲೆ ಬಂತು.

ಅಕ್ಕ ಅದನ್ನು ಪಟ್ಟನೆ ಹೊಡೆದು ಕೆಳಗಿಳಿಸಿದಳು.

"ಕೂಗೋ, ನಿಲ್ಲಿಸಬೇಡ. ಅಪ್ಪನಿಗೆ ಎಚ್ಚರ ಆಗ್ಬಿಡುತ್ತೆ!"