ಬಂಡೆಯೊಳಗಿನ ಅಲೆ

ಅಕ್ಕನ ಸುತ್ತಿಗೆಯೇಟಿಗೆ ಕಲ್ಲು ಎರಡು ಹೋಳಾಯಿತು. ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಚಿಪ್ಪಿನ ಅಚ್ಚೊಂದಿತ್ತು. ಅದರ ಕುಳಿಯಲ್ಲಿ ಒಂದಿಷ್ಟು ನೀರು ನಿಂತಿತ್ತು.

"ಮಳೆನೀರು, ಬಿರುಕಿಂದ ಇಳಿದಿರತ್ತೆ," ಎಂದಳು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಅಕ್ಕ. ಹಡಗಿನಲ್ಲಿ ಕೆಲಸಕ್ಕಿದ್ದ ತಂಗಿಯ ಗಂಡ ಸಮುದ್ರದ ಪಾಲಾಗಿ, ಹೆಣವೂ ಸಿಗದೆ ಆರು ವರ್ಷವಾಗಿತ್ತು. ಅಂದಿನಿಂದ ತಂಗಿ ಕಡಲಿನ ಮುಖ ನೋಡಿರಲಿಲ್ಲ. ಅವಳಿಗೋಸ್ಕರವೇ ಅಕ್ಕ ಈ ಪ್ರವಾಸಕ್ಕೆ ಕಡಲತೀರದ ದಾರಿ ಬಿಟ್ಟು, ಗುಡ್ಡ ಕಡಿದು ಮಾಡಿದ ಈ ಒಳನಾಡಿನ ರಸ್ತೆ ಹಿಡಿದಿದ್ದಳು.

ತಂಗಿ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಉಪ್ಪುಪ್ಪು ಇದೆ ಕಣಕ್ಕಾ."

"ಕಲ್ಲಲ್ಲೂ ಉಪ್ಪಿರತ್ತೆ. ಒಂದು ಕಾಲಕ್ಕೆ ಇಲ್ಲೆಲ್ಲ ಸಮುದ್ರ ಇತ್ತು ಅಂತ ಹೇಳಲಿಲ್ವಾ? ಏಳು, ಹೊತ್ತಾಯ್ತು."

ತಂಗಿ ಏಳಲಿಲ್ಲ. ಕಡಿದ ಗುಡ್ಡದ ಗೋಡೆಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಕೂತಳು. "ನೀನೂ ಕೇಳು," ಎಂದಳು.

ಅವಳ ಸಮಾಧಾನಕ್ಕೆಂದು ಅಕ್ಕ ಕಿವಿಯಿಟ್ಟಳು. ರಸ್ತೆಯಲ್ಲಿ ಒಂದು ವಾಹನವೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಕಲ್ಲಿನ ಆಳದಲ್ಲಿ ಅಲೆಯೊಂದು ಬಂದು ಬಡಿದು, ಚಿಪ್ಪುಗಳನ್ನು ಸರಸರ ಎಳೆದುಕೊಂಡು ಹಿಂದೆ ಸರಿಯಿತು.

ಅಕ್ಕ ಬೆಚ್ಚಿ ಹಿಂದಕ್ಕೆ ಸರಿದಳು.

"ಎಲ್ಲಿಗೆ ಹೋದ್ರೂ ಅದು ಬಿಡಲ್ಲ," ಎಂದು ತಂಗಿ ಮೆಲ್ಲಗೆ ಹೇಳಿದಳು. "ಗಾಡಿ ತಿರುಗಿಸು. ದಂಡೆಗೇ ಹೋಗೋಣ."