ಕೊನೆಗೆ ಹೊಡೆದ ಮೊಳೆ

"ನಾನು ಮೀಟಿಂಗ್ ಮುಗಿಸಿ ಇಳಿದು ಬರೋ ಹೊತ್ತಿಗೆ ಇದು ಇಲ್ಲಿರಬಾರದು," ಎಂದು ನಗರಸಭೆಯ ಅಧ್ಯಕ್ಷರು ಮುಂಬಾಗಿಲಿನ ಮರದ ರ್ಯಾಂಪನ್ನು ಬೂಟಿನ ತುದಿಯಿಂದ ತಟ್ಟಿ, ಆದೇಶದ ಹಾಳೆಯನ್ನು ಬಡಗಿಯ ಕೈಗೆ ಕೊಟ್ಟರು. ಎಲ್ಲರನ್ನೂ ಒಳಗೊಳ್ಳುವ ಯೋಜನೆ ಅಂತ ಒಂದಿತ್ತಲ್ಲ, ಅದು ಇರಬೇಕೋ ಬೇಡವೋ ಎಂದು ಹಿಂದಿನ ದಿನ ಸಭೆಯಲ್ಲಿ ಮೂರು ತಾಸು ಜಗಳವಾಗಿ, ಕೊನೆಗೆ ಬೇಡವೆನ್ನುವವರ ಕಡೆಗೆ ಎರಡು ಕೈ ಹೆಚ್ಚಾಗಿತ್ತು.

"ಇದನ್ನ ಕಿತ್ತರೆ ಅರ್ಜಿ ತಗೊಳ್ಳೋ ಕಿಟಕಿಯ ಹುಡುಗಿ ಒಳಗೆ ಹೇಗೆ ಬರೋದು ಸಾರ್? ಅವಳದು ಗಾಲಿಕುರ್ಚಿ."

"ನೋಡಪ್ಪಾ, ಒಬ್ಬರಿಗೊಂದು ದಾರಿ, ಇನ್ನೊಬ್ಬರಿಗೊಂದು ದಾರಿ ಅಂದ್ರೆ ಅದು ಸಮಾನತೆ ಆಗಲ್ಲ. ನಾನೇನು ಯಾರ ಹೆಗಲಾದ್ರೂ ಹಿಡ್ಕೊಂಡು ಮೇಲೆ ಬಂದೆನಾ? ಆಗದಿದ್ರೆ ಬೇರೆ ಕೆಲಸ ನೋಡ್ಕೊಳ್ಳಲಿ." ಹಾಗೆಂದು ಅಧ್ಯಕ್ಷರು ಒಳಗಿನ ಮೆಟ್ಟಿಲು ಹತ್ತತೊಡಗಿದರು. ಮೇಲಿನ ಸಭಾಂಗಣಕ್ಕೆ ಇಪ್ಪತ್ತೆರಡು ಮೆಟ್ಟಿಲು. ಎಡಗೈ ರೇಲಿಂಗ್ ಮೇಲೆ. ಬಲಗಾಲು ಮುಂದಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ನಾಲ್ಕಕ್ಕೊಮ್ಮೆ ನಿಂತು ಉಸಿರು ಬಿಟ್ಟು ಹತ್ತಿದರು. ಬಡಗಿ ಕೊನೆಯ ಮೆಟ್ಟಿಲಿನವರೆಗೂ ನೋಡುತ್ತ ನಿಂತಿದ್ದ. ಆಮೇಲೆ ಕನ್ನಡಕ ಏರಿಸಿ ಹಾಳೆಯನ್ನು ಎರಡು ಸಲ ಓದಿದ.

"ಏನಂತೆ ಮಾವ?" ಎಂದಳು ಕಿಟಕಿಯ ಹಿಂದಿನಿಂದ ಕುರ್ಚಿ ತಳ್ಳಿಕೊಂಡು ಬಂದ ಹುಡುಗಿ.

"ನಿನ್ನ ದಾರಿ ಕೀಳಬೇಕಂತೆ."

ಅವಳು ರ್ಯಾಂಪಿನ ಕಡೆ ನೋಡಿದಳು. "ಕೀಳಿ. ನಾಳೆ ಹತ್ತಕ್ಕೆ ಸರಿಯಾಗಿ ನನ್ನ ಕಿಟಕಿ ತೆರೆದಿರುತ್ತೆ. ಮೊದಲ ಮೂರು ವರ್ಷ ಹೇಗೆ ಬರ್ತಿದ್ದೆ? ಹೊರಗಿನ ಮೆಟ್ಟಿಲ ಮೇಲೆ ಕೂತು, ಕೈ ಊರಿ, ಕೂತ್ಕೊಂಡೇ ಹತ್ತಿದ್ದೀನಿ, ಕೂತ್ಕೊಂಡೇ ಇಳಿದಿದ್ದೀನಿ. ಬಟ್ಟೆ ಸವೀತು, ನಾನು ಸವೀಲಿಲ್ಲ."

ಬಡಗಿಗೆ ಆ ಮೂರು ವರ್ಷ ನೆನಪಿತ್ತು. ಅರ್ಜಿ ಹಿಡಿದು ಬಂದವರು ಬದಿಗೆ ಸರಿದು ನಿಂತು, ಸರ್ಕಸ್ಸು ನೋಡಿದ ಹಾಗೆ ಬಾಯಿ ತೆರೆದು ನೋಡುತ್ತಿದ್ದರು. "ಕೀಳೋಕೂ ಒಂದು ಕ್ರಮ ಇದೆ ಮಗಾ," ಎಂದ. "ನಮ್ಮಪ್ಪ ಗಾಡಿಗಾಲಿ ಮಾಡೋನು. ಕೊನೆಗೆ ಹೊಡೆದ ಮೊಳೆ ಮೊದಲು ಬರಬೇಕು ಅನ್ನೋನು. ಹಿಂದುಮುಂದಾದ್ರೆ ಮರ ಸೀಳುತ್ತೆ. ಈ ಹಾಳೇಲಿ ಏನು ಬರೆದಿದೆ? ಯೋಜನೆಯಲ್ಲಿ ಅಳವಡಿಸಿದ್ದೆಲ್ಲವನ್ನೂ ತೆಗೀಬೇಕು ಅಂತ. ಮೊದಲು ಹಾಕಿದ್ದು ನಿನ್ನ ರ್ಯಾಂಪು. ಆಮೇಲೆ ನಿನ್ನ ಕಿಟಕಿ ತಗ್ಗಿಸಿದ್ದು. ಎಲ್ಲಕ್ಕಿಂತ ಕೊನೆಗೆ ಹಾಕಿದ್ದು..." ಎಂದು ಒಳಗಿನ ಮೆಟ್ಟಿಲಿನ ರೇಲಿಂಗ್ ಕಡೆ ಗದ್ದದಿಂದ ತೋರಿಸಿದ.

"ಮಾವ! ನಿವೃತ್ತಿಗೆ ಇನ್ನೆರಡು ವರ್ಷ ಇದೆ ನಿಮಗೆ. ಈಗಲೇ ಮನೆಗೆ ಕಳಿಸಿಬಿಡ್ತಾರೆ."

"ಕಳಿಸಲಿ. ಆದೇಶ ಮೀರಿದ್ದಕ್ಕೆ ಕಳಿಸಿದ್ರೆ ನಾಚಿಕೆ. ಪಾಲಿಸಿದ್ದಕ್ಕೆ ಕಳಿಸಿದ್ರೆ ನನಗೇನು?"

ಅವನು ಮೇಲಿನಿಂದ ಶುರು ಮಾಡಿದ. ತಾನೇ ಒಂದು ವಾರ ಕೂತು, ಯಾರ ಅಂಗೈಗೂ ಸಿಬಿರು ಚುಚ್ಚದ ಹಾಗೆ ಉಜ್ಜಿ ನುಣುಪು ಮಾಡಿದ ಮರ ಅದು. ಮರ ಸುಳ್ಳು ಹೇಳುವುದಿಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ಒಂದು ಹಿಡಿಯಷ್ಟು ಜಾಗದಲ್ಲಿ ವಾರ್ನಿಷ್ ಹೋಗಿ ಮರ ಹೊಳೆಯುತ್ತಿತ್ತು. ಅಲ್ಲೆಲ್ಲ ಉಂಗುರ ಗೀರಿದ ಸಣ್ಣ ಗೆರೆಗಳು. ಆ ಉಂಗುರ ಯಾರ ಎಡಗೈಯಲ್ಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿ, ರೇಲಿಂಗನ್ನು ಎರಡು ತುಂಡಾಗಿ ಇಳಿಸಿ, ಹಸುಗೂಸನ್ನು ಮಲಗಿಸಿದ ಹಾಗೆ ಗೋಡೆಯ ಬುಡದಲ್ಲಿ ಮಲಗಿಸಿದ.

ಸಭೆ ಮುಗಿಯಿತು. ಎಳೆಯ ಮೊಣಕಾಲಿನ ಸದಸ್ಯರು ಮಾತಾಡುತ್ತಲೇ ದಡದಡ ಇಳಿದು ಹೋದರು. ಕೊನೆಗೆ ಬಂದ ಅಧ್ಯಕ್ಷರ ಬಲಗೈ ರೂಢಿಯಂತೆ ಚಾಚಿತು. ಬರೀ ಗೋಡೆ ಸಿಕ್ಕಿತು. ಅಂಗೈ ಸುಣ್ಣದ ಮೇಲೆ ಜಾರಿತು.

"ಏಯ್, ರೇಲಿಂಗ್ ಎಲ್ಲಯ್ಯಾ?"

"ಕಿತ್ತೆ ಸಾರ್. ಅದೂ ಆ ಯೋಜನೇದೇ."

"ನಾನು ಹೇಳಿದ್ದು ಮುಂಬಾಗಿಲಿಂದು! ಸಸ್ಪೆಂಡ್ ಮಾಡಿಬಿಡ್ತೀನಿ ನಿನ್ನ!"

"ಮಾಡಿ ಸಾರ್. ಮುಂಬಾಗಿಲಿಂದೂ ಕೀಳ್ತೀನಿ, ತಪ್ಪಿಸಲ್ಲ. ನೀವು ಇಳಿದು ಬನ್ನಿ, ನಿಮ್ಮ ಕಣ್ಣೆದುರೇ ಕೀಳ್ತೀನಿ." ಬಡಗಿ ಕೆಳಗಿನ ಮೆಟ್ಟಿಲ ಪಕ್ಕದಲ್ಲಿ ಕೈ ಕಟ್ಟಿ ನಿಂತ. ಸ್ಕ್ರೂ ಡ್ರೈವರ್ ಅವನ ಜೇಬಿನಲ್ಲಿತ್ತು.

ಅಧ್ಯಕ್ಷರು ಒಂದು ಕಾಲು ಕೆಳಗಿಟ್ಟರು. ಹಿಡಿಯಲು ಏನೂ ಇರಲಿಲ್ಲ. ಕಾಲನ್ನು ಹಿಂದಕ್ಕೆಳೆದುಕೊಂಡರು. ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಕತ್ತೆತ್ತಿ ನೋಡತೊಡಗಿದರು. ಆಗ ಗಾಲಿಯ ಸದ್ದಾಯಿತು. ಹುಡುಗಿ ಮೆಟ್ಟಿಲ ಬುಡಕ್ಕೆ ಬಂದು ಕುರ್ಚಿ ನಿಲ್ಲಿಸಿದಳು. ಮುಖದಲ್ಲಿ ನಗುವಿರಲಿಲ್ಲ. ಕೆಲಸ ಬಲ್ಲವರು ಹೊಸಬರಿಗೆ ಹೇಳಿಕೊಡುವ ಹಾಗೆ ಹೇಳಿದಳು:

"ಸಾರ್, ಮೊದಲನೇ ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಎರಡೂ ಕೈ ಪಕ್ಕಕ್ಕೆ ಊರಿ, ಒಂದೊಂದೇ ಜಾರಿ ಬನ್ನಿ. ಅವಸರ ಬೇಡ. ನೋಡೋರ ಮುಖ ಮಾತ್ರ ನೋಡ್ಬೇಡಿ, ಅಷ್ಟೇ."

ಅಧ್ಯಕ್ಷರು ಸಾಲಿನ ಕಡೆಯಿಂದ ಮುಖ ತಿರುಗಿಸಿದರು. ಆಮೇಲೆ, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟನ್ನು ಮೊಣಕಾಲ ಬಳಿ ಎರಡು ಬೆರಳಲ್ಲಿ ಹಿಡಿದು, ಕೂರಲೆಂದು ಮೆಲ್ಲಗೆ ಮೇಲಕ್ಕೆಳೆದುಕೊಂಡರು.